ಬೇ ಏರಿಯಾ ಡ್ಯೂಟಿ ಡೈರಿ – 31: ಬಲ್ಬ್ ಬದಲಿಸೋ ಮೊದಲು ಫೋಕಸ್ ನೋಡಿ

ಹೋದ ಭಾಗ ಓದಿ ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಈ ಸಲದ ವಿಷಯ ನೋಡಿ "ಇವಳಿಗೇನಾಯ್ತು, ಆಸ್ಪತ್ರೆ ಬಿಟ್ಟು ಗ್ಯಾರೇಜ್ ಸೇರಿದ್ಲಾ" ಅಂತ ಅತ್ತಿಗೆ ಕೇಳೇ ಕೇಳ್ತಾರೆ. ಇಲ್ಲ ಅತ್ತಿಗೆ, ಐಸಿಯುನಲ್ಲೇ ಇದ್ದೀನಿ. ಆದರೆ ಈ ತಿಂಗಳು ತಲೆ ತಿಂದಿದ್ದು ಕಾರಿನ ಹೆಡ್‌ಲೈಟ್. ಹಳೇ ಕಾರಿನ ಹೆಡ್‌ಲೈಟಿನ ಎತ್ತರ, ಅಂದ್ರೆ ನಮ್ಮೂರಲ್ಲಿ ಮೆಕ್ಯಾನಿಕ್‌ಗಳು "ಫೋಕಸ್" ಅಂತಾರಲ್ಲ, ಅದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತು ಇಲ್ಲದವರಿಗೆ. ರಾತ್ರಿ ರಸ್ತೆ ಕಾಣ್ತಿಲ್ಲ ಅಂದ ಕೂಡಲೇ ಜನ ಜೋರು ಬಲ್ಬ್ ತಂದು ಹಾಕ್ತಾರೆ, ಇಲ್ಲಾಂದ್ರೆ ಗಾಡಿ ಮಾರೋ ಮಾತಾಡ್ತಾರೆ. ಬೆಳಕು ಎಲ್ಲಿಗೆ ಬೀಳ್ತಿದೆ ಅಂತ ಗೋಡೆಗೆ ಬಿಟ್ಟು ನೋಡೋರು ಕಮ್ಮಿ. ಇನ್ನೊಂದು ಮಾತು: ಹೊಗೆ ಎಷ್ಟು ಬರುತ್ತೆ ಅಂತ ಎರಡು ವರ್ಷಕ್ಕೊಮ್ಮೆ ಮೂಗು ಹಾಕಿ ನೋಡೋ ಕ್ಯಾಲಿಫೋರ್ನಿಯಾ ಸರ್ಕಾರ ಹೆಡ್‌ಲೈಟ್ ಕಡೆ ಕಣ್ಣೆತ್ತಿಯೂ ನೋಡಲ್ಲ. ಅದು ತಪ್ಪು ಅಂತ ನನ್ನ ವಾದ.

ನನ್ನದು 2006ರ ಟೊಯೋಟಾ ಕೊರೊಲ್ಲಾ. ಮನೆ ಫ್ರೀಮಾಂಟ್‌ನಲ್ಲಿ, ಡ್ಯೂಟಿ ಗುಡ್ಡದ ಆಚೆ ಪ್ಲೆಸೆಂಟನ್ ಕಡೆ. ಈವ್ನಿಂಗ್ ಶಿಫ್ಟ್ ಮುಗಿಯೋದು ರಾತ್ರಿ 11:30ಕ್ಕೆ. 680 ಹೈವೇಯಲ್ಲಿ ರಿಪೇರಿ ಅಂತ ಲೇನ್ ಮುಚ್ಚಿದ್ದರೆ ಸುನೋಲ್ ಹತ್ತಿರ ಇಳಿದು ನೈಲ್ಸ್ ಕ್ಯಾನಿಯನ್ ರಸ್ತೆ ಹಿಡೀತೀನಿ. ಅಲಮೇಡಾ ಕ್ರೀಕ್ ಪಕ್ಕದಲ್ಲೇ ಸುತ್ತಿಕೊಂಡು ಹೋಗೋ ರಸ್ತೆ ಅದು. ಆ ಕಡೆಗೊಂದು ಈ ಕಡೆಗೊಂದು, ಎರಡೇ ಲೇನ್. ಬಹುಪಾಲು ಕಡೆ ಬೀದಿದೀಪ ಇಲ್ಲ, ಒಂದು ಬದಿ ಗುಡ್ಡದ ಬಂಡೆ. (ಚಾರ್ಲಿ ಚಾಪ್ಲಿನ್ 1915ರ 'ದಿ ಟ್ರ್ಯಾಂಪ್' ಸಿನಿಮಾದ ಕೊನೇ ದೃಶ್ಯ ತೆಗೆದದ್ದು ಇಲ್ಲೇ. ಅಪ್ಪ ಬಂದಾಗ ತೋರಿಸಿದೆ, ಕಾರಿಂದ ಇಳಿದು ಚಾಪ್ಲಿನ್ ತರ ನಾಲ್ಕು ಹೆಜ್ಜೆ ಹಾಕಿದ್ರು.) ಆಗುಂಬೆ ಘಾಟಿಯ 14 ತಿರುವು ಇಲ್ಲಿಲ್ಲ, ಸಿಂಗಳೀಕ ಇಲ್ಲ, ಮಿಕ್ಕಂತೆ ರಾತ್ರಿ ಹೊತ್ತು ಅದೇ ಎದೆ ಡವಡವ. ಜಿಂಕೆ ಅಡ್ಡ ಬರೋದೂ ಉಂಟು.

ಹೋದ ಚಳಿಗಾಲ ಅಂಗಡಿ ಪಾರ್ಕಿಂಗ್‌ನಲ್ಲಿ ಯಾರೋ ರಿವರ್ಸ್ ತೆಗೆಯುವಾಗ ನಮ್ಮ ಕಾರಿನ ಎಡ ಮೂತಿಗೆ ಗುದ್ದಿದ್ರು. ಇನ್ಶೂರೆನ್ಸ್‌ನಲ್ಲಿ ಟಿಂಕರಿಂಗ್ ಆಯ್ತು, ಹೊಸ ಹೆಡ್‌ಲೈಟ್ ಕೂಡ ಹಾಕಿ ಕೊಟ್ಟರು. ಪೇಂಟ್ ಚೆನ್ನಾಗಿತ್ತು, ಕಾರು ತೊಳೆದೂ ಕೊಟ್ಟಿದ್ದರು. ಆದರೆ ಅವತ್ತಿಂದ ಎಡಗಡೆ ರಸ್ತೆ ಕತ್ತಲು. ದೀಪ ಉರೀತಿದೆ, ಹೊಸ ಗಾಜು ಫಳಫಳ ಅಂತಿದೆ, ಬೆಳಕು ಮಾತ್ರ ಬಂಪರಿನ ಮುಂದೆ ರಂಗೋಲಿ ಹಾಕಿದ ಹಾಗೆ ಅಲ್ಲೇ ಬಿದ್ದಿದೆ.

ಸಲಹೆಗಳು ಶುರು. ಜೊತೆಯ ನರ್ಸ್ ಒಬ್ಬಳು "ಎಲ್‌ಇಡಿ ಹಾಕಿಸಿಬಿಡು, ಹಗಲಾಗುತ್ತೆ" ಅಂದಳು. ಕನ್ನಡ ಕೂಟದ ಗೆಳತಿ "ಇನ್ನೂ ಎಷ್ಟು ವರ್ಷ ಆ ಡಬ್ಬ ಓಡಿಸ್ತೀಯ, ಟೆಸ್ಲಾ ತಗೋ" ಅಂದಳು. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಹಾಸನದ ಅಣ್ಣ ಒಬ್ಬರೇ ಬಗ್ಗಿ ನೋಡಿ "ಸಿಸ್ಟರ್, ಬಲ್ಬ್ ಸರಿಯಾಗೇ ಇದೆ, ಫೋಕಸ್ ಕೆಳಗೆ ಬಿದ್ದಿದೆ" ಅಂದ್ರು.

ಆ ಮಾತು ನನಗೆ ತಕ್ಷಣ ಹಿಡಿಸಿತು, ಯಾಕಂದ್ರೆ ನನ್ನ ಕೆಲಸದಲ್ಲೂ ಇದೇ ಪಾಠ. ಐಸಿಯುನಲ್ಲಿ ಕೆಲವು ಪೇಷಂಟ್‌ಗಳ ಬಿಪಿಯನ್ನ ಕೈಯ ರಕ್ತನಾಳದೊಳಗೆ ಸಣ್ಣ ಕೊಳವೆ ಇಟ್ಟು ಪ್ರತಿ ಕ್ಷಣ ಅಳೀತೀವಿ. ಆ ಕೊಳವೆ ಟ್ರಾನ್ಸ್‌ಡ್ಯೂಸರ್ ಅನ್ನೋ ಪುಟ್ಟ ಡಬ್ಬಿಗೆ ಸೇರುತ್ತೆ. ಡಬ್ಬಿ ಹೃದಯದ ಮಟ್ಟಕ್ಕೇ ಇರಬೇಕು: ಎದೆಯ ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆ. ಡಬ್ಬಿ 10 ಸೆಂಟಿಮೀಟರ್ ಕೆಳಗೆ ಜಾರಿದರೆ ಬಿಪಿ ಸುಮಾರು 7 ಪಾಯಿಂಟ್ ಜಾಸ್ತಿ ತೋರಿಸುತ್ತೆ. ನಿಜವಾಗಿ 60 ಇರೋದು ಮಾನಿಟರ್ ಮೇಲೆ 67 ಅಂತ ಕಾಣುತ್ತೆ. ನಾವು 65 ದಾಟಿದೆ ಅಂತ ಸಮಾಧಾನವಾಗಿ ಕೂತಿರ್ತೀವಿ, ಅಲ್ಲಿ ಕಿಡ್ನಿಗೆ ರಕ್ತ ಸಾಲ್ತಿರಲ್ಲ. ಡಬ್ಬಿ ಮೇಲೆ ಹೋದರೆ ಉಲ್ಟಾ, ಇಲ್ಲದ ಲೋ ಬಿಪಿಗೆ ಔಷಧ ಏರಿಸಿಬಿಡ್ತೀವಿ. ಅದಕ್ಕೇ ಹೊಸ ಹುಡುಗಿಯರಿಗೆ ನಾನು ಹೇಳೋ ಮೊದಲನೇ ಮಾತು: ಔಷಧಕ್ಕೆ ಕೈ ಹಾಕೋ ಮುಂಚೆ ಲೆವೆಲ್ ನೋಡು. ಮಟ್ಟ ತಪ್ಪಿದ ಹೆಡ್‌ಲೈಟಿಗೆ ಎಲ್‌ಇಡಿ ಹಾಕೋದು, ಮಟ್ಟ ತಪ್ಪಿದ ಟ್ರಾನ್ಸ್‌ಡ್ಯೂಸರ್ ನೋಡಿ ಔಷಧ ಏರಿಸಿದ ಹಾಗೇ.

ಸರಿ, ಮಟ್ಟ ನೋಡೋದು ಹೇಗೆ. ಇದಕ್ಕೆ ಬೇಕಾಗಿದ್ದು ಒಂದು ಗೋಡೆ, ಸಮತಟ್ಟು ನೆಲ, ಅಳತೆ ಟೇಪು, ಅಂಟಿಸೋ ಬಣ್ಣದ ಟೇಪು, ಒಂದು ಸ್ಟಾರ್ ಸ್ಕ್ರೂಡ್ರೈವರ್. ಗೋಡೆಗೂ ಹೆಡ್‌ಲೈಟಿಗೂ ನಡುವೆ 25 ಅಡಿ, ಅಂದ್ರೆ ಸುಮಾರು ಏಳೂವರೆ ಮೀಟರ್ ಜಾಗ ಇರಬೇಕು. ಸಮತಟ್ಟು ನೆಲ ಸಿಗೋದೇ ಕಷ್ಟ. ಪಾರ್ಕಿಂಗ್ ಜಾಗಗಳನ್ನ ಮಳೆನೀರು ಹರಿಯಲಿ ಅಂತ ಇಳಿಜಾರು ಮಾಡಿರ್ತಾರೆ, ಕಣ್ಣಿಗೆ ಗೊತ್ತಾಗಲ್ಲ. ಇವರು ಕಾರಿನ ಪೂಜೆಗೆ ತಂದು ಉಳಿದಿದ್ದ ನಿಂಬೆಹಣ್ಣು ನೆಲದ ಮೇಲಿಟ್ಟು ಉರುಳುತ್ತಾ ನೋಡಿದ್ರು. ಉರುಳಲಿಲ್ಲ. ನಿಂಬೆಹಣ್ಣಿನ ಸಾಕ್ಷಿ ನಂಬೋಕೆ ನಾನು ತಯಾರಿರಲಿಲ್ಲ. ಆಗ ವಿಡಿಯೋ ಕಾಲ್‌ನಲ್ಲಿದ್ದ ಅಪ್ಪ, "ಗಾರೆಯವರ ಲೆವೆಲ್ ಪೈಪ್ ಮಾಡಿಕೊಳ್ಳಿ ಮಾರಾಯ್ತಿ, ನಾಲ್ಕು ಕಾಸಿನ ಕೆಲಸ" ಅಂದ್ರು. ನಮ್ಮೂರಲ್ಲಿ ಮನೆ ಕಟ್ಟುವಾಗ ನೋಡಿರ್ತೀರಲ್ಲ, ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿಯೋದು, ಅದೇ. ಹಾರ್ಡ್‌ವೇರ್ ಅಂಗಡಿಯಿಂದ ಪೈಪ್ ತಂದ್ವಿ. ಮುಂದಿನ ಚಕ್ರ, ಹಿಂದಿನ ಚಕ್ರ, ಗೋಡೆಯ ಬುಡ, ಮೂರೂ ಕಡೆ ಹಿಡಿದು ನೋಡಿದ್ವಿ. ಅರ್ಧ ಇಂಚೂ ವ್ಯತ್ಯಾಸ ಇರಲಿಲ್ಲ. ನಿಂಬೆಹಣ್ಣು ಹೇಳಿದ್ದು ನಿಜವೇ. (ಟ್ರಾನ್ಸ್‌ಡ್ಯೂಸರ್ ಕೂಡ ಇದೇ ಲೆವೆಲ್ ಪೈಪಿನ ಲೆಕ್ಕ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ ಕಲಿತದ್ದನ್ನ ಗಾರೆಯವರು ಓದದೇ ಕಲಿತಿದ್ದಾರೆ.)

ಆಮೇಲೆ ಕಾರನ್ನ ತಯಾರು ಮಾಡಬೇಕು. ಟಯರ್ ಗಾಳಿ ನಾಲ್ಕಕ್ಕೂ ಸರಿ ಇರಬೇಕು. ಪೆಟ್ರೋಲ್ ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಳ್ಳೇದು. ಡಿಕ್ಕಿಯಲ್ಲಿ ಯಾವಾಗಲೂ ಇರೋ ಸಾಮಾನು ಇರಲಿ, ಕಾಸ್ಟ್‌ಕೋದ ಅಕ್ಕಿ ಮೂಟೆ ಇಳಿಸಿಬಿಡಿ. ಡ್ರೈವರ್ ಸೀಟಿನಲ್ಲಿ ಓಡಿಸೋರೇ ಕೂರಬೇಕು. ಕಾರಿನ ನಾಲ್ಕು ಮೂಲೆ ಒಮ್ಮೆ ಅದುಮಿ ಕುಲುಕಿಸಬೇಕು, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ ಅಂತ. ನೆಲದಿಂದ ದೀಪದ ನಡುಬಿಂದುವಿಗೆ ಎಷ್ಟು ಎತ್ತರ ಅಂತ ಅಳೆದು, ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಅಡ್ಡಕ್ಕೆ ಟೇಪು ಅಂಟಿಸಬೇಕು. ನಮ್ಮದು 26 ಇಂಚು. ಕತ್ತಲಾದ ಮೇಲೆ ಲೋ ಬೀಮ್ ಹಾಕಿದರೆ ಗೋಡೆ ಮೇಲೆ ಬೆಳಕಿಗೂ ಕತ್ತಲಿಗೂ ನಡುವೆ ಒಂದು ಗೆರೆ ಕಾಣುತ್ತೆ. ಸಾಮಾನ್ಯ ಕಾರಿಗೆ ಆ ಗೆರೆ ಟೇಪಿಗಿಂತ ಸುಮಾರು 2 ಇಂಚು ಕೆಳಗಿರಲಿ ಅನ್ನೋದು ರೂಢಿ. ಗಾಜಿನ ಮೇಲೆ ವಿಒಎಲ್ ಅಥವಾ ವಿಒಆರ್ ಅಂತ ಅಚ್ಚಾಗಿರುತ್ತೆ. ವಿಒಆರ್ ಇದ್ದರೆ ಗೆರೆಯ ಬಲಭಾಗ ದೀಪದ ಎತ್ತರಕ್ಕೇ ಬರಬಹುದು, ವಿಒಎಲ್ ಇದ್ದರೆ ಎಡಭಾಗ ಸುಮಾರು 3 ಇಂಚು ಕೆಳಗಿರಬೇಕು. ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತೋ ಅದೇ ಕೊನೆ ಮಾತು.

ನಮ್ಮ ಬಲಗಡೆ ದೀಪ, ಯಾರೂ ಮುಟ್ಟದೇ ಇದ್ದದ್ದು, ಸರಿಯಾಗಿ 2 ಇಂಚು ಕೆಳಗಿತ್ತು. ಎಡಗಡೆ ಹೊಸದು 9 ಇಂಚು ಕೆಳಗೆ!

7 ಇಂಚು ತಾನೇ ಅನ್ನಬೇಡಿ. ಲೆಕ್ಕ ನೋಡಿ. 25 ಅಡಿಗೆ 2 ಇಂಚು ಇಳಿಯೋ ಬೆಳಕು, 26 ಇಂಚು ಎತ್ತರದಿಂದ ಹೊರಟರೆ ನೆಲ ಮುಟ್ಟೋದು 325 ಅಡಿ ದೂರದಲ್ಲಿ. 25 ಅಡಿಗೆ 9 ಇಂಚು ಇಳಿದರೆ ಬರೀ 72 ಅಡಿಗೇ ನೆಲ. ಗಂಟೆಗೆ 45 ಮೈಲಿಯಲ್ಲಿ ಹೋದರೆ ಒಂದು ಸೆಕೆಂಡಿಗೆ 66 ಅಡಿ ಸಾಗ್ತೀವಿ. ಅಂದ್ರೆ ನನ್ನ ಎಡಗಡೆ ಏನಾದರೂ ಕಂಡ ಮೇಲೆ ನನಗೆ ಉಳಿಯೋದು ಒಂದೇ ಸೆಕೆಂಡು. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಲೋ ಬೀಮ್‌ನಲ್ಲಿ ಕನಿಷ್ಠ 100 ಅಡಿ ದೂರದ ಮನುಷ್ಯ, ವಾಹನ ಕಾಣಬೇಕು. ಇಲ್ಲಿಯ ಡಿಎಂವಿ ಪುಸ್ತಕವೇ ಹೇಳೋ ಹಾಗೆ ಗಂಟೆಗೆ 55 ಮೈಲಿಯಲ್ಲಿ ಹೋಗ್ತಿದ್ದರೆ ಕಾರು ಪೂರ್ತಿ ನಿಲ್ಲೋಕೆ ಸುಮಾರು 400 ಅಡಿ ಬೇಕು. ಹೊಸ ಪೇಂಟ್ ಹೊಡೆದು, ತೊಳೆದು, ರಸೀದಿ ಹರಿದು ಕೊಟ್ಟ ಕಾರು ಈ ಸ್ಥಿತಿಯಲ್ಲಿತ್ತು. ಆ ಅಂಗಡಿಯ ಮೇಲಷ್ಟೇ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ದೀಪ ಬದಲಿಸಿದ ಮೇಲೆ ಫೋಕಸ್ ನೋಡಿದೀರಾ ಅಂತ ಅವರನ್ನ ಕೇಳೋರೇ ಇಲ್ಲವಲ್ಲ.

ರಿಪೇರಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ದೀಪದ ಹಿಂಬದಿ ಬಾನೆಟ್ ಒಳಗಿಂದ ಒಂದು ಸ್ಕ್ರೂ ಇರುತ್ತೆ, ಅದನ್ನ ತಿರುಗಿಸಿದರೆ ಗೆರೆ ಮೇಲೆ ಕೆಳಗೆ ಆಗಬೇಕು. ನಮ್ಮದು ಎಷ್ಟು ತಿರುಗಿಸಿದರೂ ಗೆರೆ ಮಿಸುಕಲಿಲ್ಲ. ಸ್ಕ್ರೂ ತುದಿಯಲ್ಲಿ ಪುಟ್ಟ ಗುಂಡು ಇರುತ್ತೆ, ಅದು ಒಳಗಿನ ಕನ್ನಡಿಯ ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತಿರಬೇಕು. ಥೇಟ್ ಸೊಂಟದ ಕೀಲು. ನಮ್ಮದರಲ್ಲಿ ಕೀಲು ತಪ್ಪಿತ್ತು. ಬಲ್ಬ್ ತೆಗೆದು, ಗ್ಲೌಸ್ ಹಾಕಿದ ಬೆರಳನ್ನ ಆ ತೂತಿನಿಂದ ತೂರಿಸಿ, ಕನ್ನಡಿಯ ಅಂಚು ಮಾತ್ರ ಹಿಡಿದು ಹಿಂದಕ್ಕೆ ಎಳೆದಾಗ 'ಟಕ್' ಅಂತ ಕೂತಿತು. ಹೊಳಪಿನ ಭಾಗ ಮುಟ್ಟಬಾರದು, ಲೇಪ ಹೋಗುತ್ತೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನೂ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಬಲ್ಬ್ ಬೇಗ ಹೋಗುತ್ತೆ. ಬಟ್ಟಲೇ ಒಡೆದಿದ್ದರೆ ಪೂರ್ತಿ ದೀಪ ಬದಲಿಸಬೇಕಿತ್ತು, ನಮ್ಮ ಪುಣ್ಯ. ಆಮೇಲೆ ಇವರು ಒಳಗಿಂದ ಸ್ಕ್ರೂ ತಿರುಗಿಸಿದ್ರು, ನಾನು ಗೋಡೆ ಹತ್ತಿರ ನಿಂತು "ಇನ್ನೂ, ಇನ್ನೂ, ಸಾಕು" ಅಂದೆ. ಒಟ್ಟು ಖರ್ಚು ಪೈಪಿನದು, ಬಣ್ಣದ ಟೇಪಿನದು. ಹಾಸನದ ಅಣ್ಣನಿಗೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ.

ಎಲ್ಲರ ಕಾರಿಗೂ ಇದೇ ರೋಗ ಅಂತಲ್ಲ. ಕೆಲವರಿಗೆ ಗಾಜು ಬಿಸಿಲಿಗೆ ಹಳದಿಯಾಗಿ ಪೊರೆ ಬಂದ ಕಣ್ಣಿನ ಹಾಗೆ ಆಗಿರುತ್ತೆ. ಅದನ್ನ ಉಜ್ಜಿ ಪಾಲಿಶ್ ಮಾಡಿ ಮೇಲೆ ಕೋಟಿಂಗ್ ಕೊಡಬೇಕು. ಕೆಲವರಿಗೆ ಹಿಂದಿನ ಸ್ಪ್ರಿಂಗ್ ಕುಸಿದು ಕಾರೇ ಮೂತಿ ಎತ್ತಿರುತ್ತೆ. ಹಳೇ ದುಬಾರಿ ಕಾರುಗಳಲ್ಲಿ ತಾನೇ ಮಟ್ಟ ಮಾಡಿಕೊಳ್ಳೋ ದೀಪ ಇರುತ್ತೆ. ಅದಕ್ಕೆ ಹಿಂದಿನ ಚಕ್ರದ ಹತ್ತಿರ ಒಂದು ಸೆನ್ಸರ್, ಸೆನ್ಸರಿಗೊಂದು ಸಣ್ಣ ಕಡ್ಡಿ. ಕಡ್ಡಿ ತುಕ್ಕು ಹಿಡಿದು ಮುರಿದರೆ ಎರಡೂ ದೀಪ ತಲೆ ತಗ್ಗಿಸಿಬಿಡುತ್ತೆ. ರೋಗ ಬೇರೆ ಬೇರೆ. ಎಲ್ಲದಕ್ಕೂ ಎಲ್‌ಇಡಿ ಅನ್ನೋದು ಎಲ್ಲ ಜ್ವರಕ್ಕೂ ಆ್ಯಂಟಿಬಯಾಟಿಕ್ ಕೇಳೋರ ಬುದ್ಧಿ.

ಎಲ್‌ಇಡಿ ಬಗ್ಗೆ ನನಗೆ ದ್ವೇಷ ಇಲ್ಲ. ಕಂಪನಿಯೇ ಎಲ್‌ಇಡಿಗೆ ಅಂತ ಮಾಡಿದ ದೀಪ ಚೆನ್ನಾಗೇ ಇರುತ್ತೆ. ಹ್ಯಾಲೊಜೆನ್‌ಗೆ ಮಾಡಿದ ಕನ್ನಡಿಯಲ್ಲಿ ಎಲ್‌ಇಡಿ ತುರುಕೋದು ಬೇರೆ ಮಾತು. ಆ ಕನ್ನಡಿಯ ಒಂದೊಂದು ಬಾಗೂ ತಂತಿ ಉರಿಯೋ ಆ ಒಂದು ಜಾಗಕ್ಕೆ ಲೆಕ್ಕ ಹಾಕಿದ್ದು. ಬೆಳಕಿನ ಜಾಗ ಸ್ವಲ್ಪ ಬದಲಾದರೆ ಗೆರೆ ಹಾಳು, ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತೆ. ಅಮೆರಿಕದಲ್ಲಿ ಹಾಗೆ ಹಾಕೋದು ರಸ್ತೆಗೆ ಕಾನೂನುಬದ್ಧವೂ ಅಲ್ಲ. ಆದರೂ ಆನ್‌ಲೈನ್‌ನಲ್ಲಿ ಎರಡು ದಿನಕ್ಕೆ ಮನೆಗೆ ಬರುತ್ತೆ, ಹಾಕಿದವರಿಗೆ ರಸ್ತೆ ಹಗಲು, ಎದುರಿಗೆ ಬರೋರಿಗೆ ಕಣ್ಣು ಕತ್ತಲು. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಮನೆಗೆ ಹೋಗೋ ಆಯಾ, ಕ್ಲೀನಿಂಗ್ ಕೆಲಸದ ಅಜ್ಜ, ಕಣ್ಣಿಗೆ ಪೊರೆ ಶುರುವಾದವರು, ಇವರೆಲ್ಲ ಅದೇ ರಸ್ತೆಯಲ್ಲಿ ಬರ್ತಾರೆ. ಆ ಬಿಳಿ ಬೆಳಕು ಕಣ್ಣಿಗೆ ಹೊಡೆದ ಮೇಲೆ ರಸ್ತೆ ಮತ್ತೆ ಕಾಣೋಕೆ ಕೆಲವು ಸೆಕೆಂಡು ಬೇಕು. ನೈಲ್ಸ್ ಕ್ಯಾನಿಯನ್‌ನಲ್ಲಿ ಆ ಸೆಕೆಂಡುಗಳಲ್ಲಿ ಒಂದು ತಿರುವು ಮುಗಿದಿರುತ್ತೆ. ರಸ್ತೆ ಅಪಘಾತದಲ್ಲಿ ಬಂದವರನ್ನ ನೋಡಿಕೊಳ್ಳೋ ವಾರ್ಡಿನಲ್ಲಿ ಇದ್ದವಳು ನಾನು. ಅವರ ವಿಷಯ ಇಲ್ಲಿ ಬರೆಯಲ್ಲ, ಬರೆಯಬಾರದು. ಆದರೆ "ಎದುರಿನ ಲೈಟು ಹೊಡೀತು, ಆಮೇಲೆ ಗೊತ್ತಾಗಲಿಲ್ಲ" ಅನ್ನೋ ಮಾತನ್ನ ನಾನು ಎರಡು ದೇಶದಲ್ಲಿ ಎರಡು ಭಾಷೆಯಲ್ಲಿ ಕೇಳಿದ್ದೀನಿ.

ಈಗ ಸರ್ಕಾರದ ವಿಷಯ. ನನ್ನ ಕೊರೊಲ್ಲಾ ರಿಜಿಸ್ಟ್ರೇಷನ್ ಮುಂದುವರಿಯಬೇಕಾದರೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಆಗಬೇಕು. ಒಳ್ಳೇ ನಿಯಮ, ಈ ಊರಿನ ಗಾಳಿಗೆ ಬೇಕು. ಆದರೆ ಆ ಅಂಗಡಿಯವನು ಕಾರಿನ ಹಿಂದಿನ ಹೊಗೆ, ಒಳಗಿನ ಕಂಪ್ಯೂಟರ್ ನೋಡಿ ಕಳಿಸ್ತಾನೆ. ಮುಂದಿನ ದೀಪ ಆಕಾಶ ನೋಡ್ತಿದೆಯೋ ನೆಲ ನೋಡ್ತಿದೆಯೋ ಅವನಿಗೆ ಸಂಬಂಧ ಇಲ್ಲ. ಮಾಮೂಲಿ ಕಾರುಗಳಿಗೆ ನಿಗದಿತ ಸೇಫ್ಟಿ ತಪಾಸಣೆ ಈ ರಾಜ್ಯದಲ್ಲಿಲ್ಲ. ಬ್ರಿಟನ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆಯಲ್ಲಿ ಹೆಡ್‌ಲೈಟ್ ಫೋಕಸ್ ನೋಡ್ತಾರೆ. ಜಪಾನ್‌ನಲ್ಲೂ ನೋಡ್ತಾರೆ. ಇಲ್ಲಿ ಪೊಲೀಸರು ಹಿಡಿದರೆ 'ಫಿಕ್ಸ್-ಇಟ್ ಟಿಕೆಟ್' ಕೊಡಬಹುದು, ಸರಿ ಮಾಡಿ ತೋರಿಸಿದರೆ 25 ಡಾಲರ್ ಶುಲ್ಕದಲ್ಲಿ ಮುಗಿಯುತ್ತೆ. ಆದರೆ ರಾತ್ರಿ ಓಡಾಡೋ ನನಗೆ ಗೊತ್ತಿರೋ ಒಬ್ಬರಿಗೂ ಫೋಕಸ್ ಕಾರಣಕ್ಕೆ ಟಿಕೆಟ್ ಸಿಕ್ಕಿದ್ದು ನಾನು ಕೇಳಿಲ್ಲ.

ಸ್ಮಾಗ್ ಚೆಕ್‌ಗೆ ಹೇಗೂ ಹೋಗೇ ಹೋಗ್ತೀವಿ. ಅಲ್ಲೇ ಗೋಡೆ ಮೇಲೆ ಒಂದು ಗೆರೆ ಎಳೆದು, ದೀಪ ಬಿಟ್ಟು ನೋಡಿ, ತಪ್ಪಿದ್ದರೆ ಸ್ಕ್ರೂ ತಿರುಗಿಸಿ ಕಳಿಸಿದರೆ ಏನು ಹೋಗುತ್ತೆ? ಇದಕ್ಕೆ ಒಂದು ಆಕ್ಷೇಪ ಇದೆ, ಅದು ಸಣ್ಣದಲ್ಲ. ಹಳೇ ಕಾರು ಓಡಿಸೋರು ದುಡ್ಡಿಲ್ಲದವರು. ಇನ್ನೊಂದು ಪರೀಕ್ಷೆ ಅಂದ್ರೆ ಇನ್ನೊಂದು ಖರ್ಚು, ಫೇಲ್ ಆದರೆ ಕೆಲಸಕ್ಕೆ ಹೋಗೋಕೆ ಗಾಡಿ ಇಲ್ಲ. ನಮ್ಮ ಆಸ್ಪತ್ರೆಯಲ್ಲೇ ಅಂಥವರು ತುಂಬಾ ಜನ. ಅದಕ್ಕೇ ನಾನು ಹೇಳೋದು, ಫೇಲ್ ಮಾಡೋ ಪರೀಕ್ಷೆ ಬೇಡ, ಸರಿ ಮಾಡಿ ಕಳಿಸೋ ಪರೀಕ್ಷೆ ಇರಲಿ. ಹತ್ತು ನಿಮಿಷದ ಕೆಲಸ. ಬಿಪಿ ಕ್ಯಾಂಪಿನಲ್ಲಿ ಬಿಪಿ ಜಾಸ್ತಿ ಇದೆ ಅಂತ ಯಾರನ್ನೂ ದಂಡ ಹಾಕಿ ಕಳಿಸಲ್ಲವಲ್ಲ.

ಎತ್ತರದ ಪಿಕಪ್ ಟ್ರಕ್‌ಗಳ ಬಗ್ಗೆ ಹೇಳದಿದ್ದರೆ ಅನ್ಯಾಯ. ಕ್ಯಾಲಿಫೋರ್ನಿಯಾದಲ್ಲಿ ಹೆಡ್‌ಲೈಟ್ 22 ಇಂಚಿನಿಂದ 54 ಇಂಚು ಎತ್ತರದವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಲ್ಲಿ ರಸ್ತೆ ಡಿಸೈನ್ ಮಾಡುವಾಗ ಕಾರು ಓಡಿಸೋರ ಕಣ್ಣು ನೆಲದಿಂದ ಮೂರೂವರೆ ಅಡಿ, ಅಂದ್ರೆ 42 ಇಂಚಿನಲ್ಲಿದೆ ಅಂತ ಲೆಕ್ಕ ಹಿಡೀತಾರೆ. ದೀಪವೇ ನನ್ನ ಕಣ್ಣಿಗಿಂತ ಒಂದು ಅಡಿ ಮೇಲಿದ್ದರೆ, ಅದರ ಫೋಕಸ್ ನಿಯಮದ ಪ್ರಕಾರ ಸರಿ ಇದ್ದರೂ ಬೆಳಕು ನೇರ ನನ್ನ ಕಣ್ಣಿಗೇ. ಯುರೋಪಿನ ನಿಯಮದಲ್ಲಿ ದೀಪ ಎತ್ತರದಲ್ಲಿದ್ದಷ್ಟೂ ಕಿರಣವನ್ನ ಹೆಚ್ಚು ತಗ್ಗಿಸಬೇಕು. ಇಲ್ಲೂ ಹಾಗೇ ಮಾಡಬಹುದಿತ್ತು. ಎದುರಿನ ಗಾಡಿ ಕಂಡರೆ ತಾನೇ ಬೆಳಕನ್ನ ಕತ್ತರಿಸಿಕೊಳ್ಳೋ ಹೊಸ ದೀಪಗಳಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದೇ 2022ರಲ್ಲಿ. ಅವು ಹೊಸ ಕಾರಿಗೆ ಬರುತ್ತೆ, ಸಂತೋಷ. ರಸ್ತೆ ತುಂಬ ಇರೋ ಹಳೇ ಕಾರುಗಳಿಗೆ ಸ್ಕ್ರೂಡ್ರೈವರೇ ಗತಿ.

ಊರಿನವರಿಗೆ ಎರಡು ಮಾತು. ಅಪ್ಪ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಜೀಪ್ ಓಡಿಸ್ತಿದ್ದಾಗ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿದಿದ್ದರು. ಸ್ಕೂಟರ್‌ಗಳಿಗೆ ನಡುವೆ ಒಂದು ಕಪ್ಪು ಬೊಟ್ಟು, ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಯಾಕಪ್ಪಾ ಇರೋ ಬೆಳಕನ್ನೂ ಮುಚ್ಚಿದ್ರಿ ಅಂತ ಮೊನ್ನೆ ಕೇಳಿದೆ. "ಎದುರಿಗೆ ಬರೋನು ಕುರುಡಾದ್ರೆ ಅವನು ಬಂದು ಗುದ್ದೋದು ನಮಗೇ ಅಲ್ವನೇ" ಅಂದ್ರು. ಒರಟು ಉಪಾಯ, ಫೋಕಸ್ ಸರಿ ಮಾಡಿದಷ್ಟು ಒಳ್ಳೇದಲ್ಲ, ಆದರೆ ಎದುರಿನವರ ಕಣ್ಣಿನ ಬಗ್ಗೆ ಯೋಚನೆ ಅಂತೂ ಇತ್ತು. ನಮ್ಮ ದೇಶದ 1989ರ ಮೋಟಾರು ವಾಹನ ನಿಯಮದಲ್ಲೂ ಅದೇ ಇದೆ: 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣಿಗೆ ಬೆಳಕು ಕುಕ್ಕಬಾರದು.

ನಿಮ್ಮಲ್ಲಿ ತುಂಬ ಜನರ ಕಾರಿನಲ್ಲಿ ನನ್ನ ಕೊರೊಲ್ಲಾದಲ್ಲಿ ಇಲ್ಲದ ಒಂದು ಅನುಕೂಲ ಇದೆ. ಸ್ಟೀರಿಂಗ್ ಬಲಗಡೆ ಕೆಳಗೆ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದಿರೋ ಪುಟ್ಟ ಚಕ್ರ ನೋಡಿ. ಅಂಕಿ ಜಾಸ್ತಿ ಮಾಡಿದಷ್ಟೂ ಬೆಳಕು ತಗ್ಗುತ್ತೆ. ಒಬ್ಬರೇ ಇದ್ದಾಗ 0. ಹಿಂದೆ ಮೂರು ಜನ, ಡಿಕ್ಕಿ ತುಂಬ ಮದುವೆ ಸಾಮಾನು ಇದ್ದರೆ ಕಾರಿನ ಹಿಂಭಾಗ ಕೂತು ಮೂತಿ ಎದ್ದಿರುತ್ತೆ, ಆಗ 2 ಅಥವಾ 3ಕ್ಕೆ ತಿರುಗಿಸಿ. ಬೈಕಿನವರಿಗೂ ಇದೇ ಕಥೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರೀತಾನೇ ಇರುತ್ತೆ. ಹಿಂದೆ ಇಬ್ಬರು ಕೂತರೆ (ಕೂರಬಾರದು, ಆದರೂ ಕೂರ್ತೀರ) ಆ ಬೆಳಕು ಎದುರಿನವರ ಮುಖಕ್ಕೇ.

ಚಿಕ್ಕಪ್ಪ, ಬೊಲೆರೊಗೆ ಮೇಲೆ ನಾಲ್ಕು ಹೆಚ್ಚುವರಿ ದೀಪ ಹಾಕಿಸಿದ ಫೋಟೋ ನೋಡಿದೆ. ಭಾನುವಾರ ನಾನೇ ಫೋನ್ ಮಾಡ್ತೀನಿ, ಅಷ್ಟರಲ್ಲಿ ಕೊಟ್ಟಿಗೆ ಗೋಡೆಗೆ ಬಿಟ್ಟು ಗೆರೆ ಎಲ್ಲಿದೆ ಅಂತ ಅಳೆದು ಇಡಿ. ಮುಂದಿನ ಭಾಗ ನೈಟ್ ಡ್ಯೂಟಿಯವರ ಊಟದ ಬಗ್ಗೆ.